ಕಾಲರಿನೊಳಗಿನ ಕೆಂಪು ಆನೆ

ನಮ್ಮ ಬೀದಿಯಲ್ಲಿ ಯಾರಾದರೂ ರಾಜನಾಗಬೇಕೆಂದರೆ ಯುದ್ಧ ಗೆಲ್ಲಬೇಕಿರಲಿಲ್ಲ. ಡ್ರೆಸ್ಸಕ್ಕನ ಅಂಗಡಿಗೆ ಹೋಗಿ ಒಂದು ಸಂಜೆಯ ಬಾಡಿಗೆ ಕೊಟ್ಟರೆ ಸಾಕಿತ್ತು. ಸೈಕಲ್ ರಿಪೇರಿಯವನು, ಅಂಚೆಯವನು, ಶಾಲೆಯ ಗುಮಾಸ್ತ, ಎಲ್ಲರೂ ಒಂದಲ್ಲ ಒಂದು ಸಲ ಅಲ್ಲಿ ಕಿರೀಟ ಇಟ್ಟುಕೊಂಡು ಎದೆ ಸೆಟೆಸಿ ನಿಂತವರೇ. ಅವರ ಮುಖಕ್ಕೆ ಬಣ್ಣ ಹಚ್ಚಿ ಮೀಸೆ ಅಂಟಿಸುತ್ತಿದ್ದವನು ನಾನು. ಅಂಗಡಿಯ ಹಿಂಭಾಗದಲ್ಲಿ ಒಂದು ಕನ್ನಡಿ, ಒಂದು ಸ್ಟೂಲು, ನನ್ನ ಬಣ್ಣದ ಪೆಟ್ಟಿಗೆ. ಆ ಮೂಲೆಗೆ ಅಕ್ಕ ಬಾಡಿಗೆ ಕೇಳಿದವಳಲ್ಲ, ಕೊಡುತ್ತೇನೆಂದು ನಾನು ಬಾಯಿ ಬಿಟ್ಟವನೂ ಅಲ್ಲ. ಅವಳು ನನ್ನನ್ನು ಬಣ್ಣಪ್ಪ ಎಂದು ಕರೆಯುತ್ತಿದ್ದಳು, ಅಷ್ಟಕ್ಕೆ ಲೆಕ್ಕ ಚುಕ್ತಾ.

ಅಕ್ಕನಿಗೆ ನಿದ್ದೆಯ ವರ ಸಿಕ್ಕಿತ್ತು. ಕೂತಲ್ಲಿ ತೂಕಡಿಕೆ, ನಿಂತಲ್ಲಿ ತೂಕಡಿಕೆ. ಗಿರಾಕಿ ಅಳತೆ ಕೊಡುತ್ತಿರುವಾಗಲೇ ಟೇಪು ಹಿಡಿದ ಕೈ ನಿಂತುಬಿಡುತ್ತಿತ್ತು, ಕಣ್ಣು ಮುಚ್ಚುತ್ತಿತ್ತು, ಅವಳು ಒಂದು ಗಳಿಗೆ ಎಲ್ಲಿಗೋ ಹೋಗಿ ಬರುತ್ತಿದ್ದಳು. ಹೋದಲ್ಲಿಂದ ಬರಿಗೈಯಲ್ಲಿ ಬರುತ್ತಿರಲಿಲ್ಲ.

"ನಿಮಗೆ ನೀಲಿ ಬೇಡ. ನಿಮ್ಮದು ಸೋತುಹೋಗೋ ರಾಜ ಅಲ್ವಾ? ಬೂದಿ ಬಣ್ಣ ಹಾಕ್ಕೊಳ್ಳಿ" ಅನ್ನುತ್ತಿದ್ದಳು. ಗಿರಾಕಿ ಗೊಣಗುತ್ತ ಬೂದಿ ಬಣ್ಣದ ನಿಲುವಂಗಿ ಒಯ್ಯುತ್ತಿದ್ದ. ನಾಟಕದ ಕೊನೆಯಲ್ಲಿ ಅವನು ಮಂಡಿಯೂರಿ ಕೂತಾಗ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಳಿಸಿದ್ದು ಅವನೋ ಬಟ್ಟೆಯೋ ಎಂದು ನಾನು ಯಾರಿಗೂ ಹೇಳಲು ಹೋಗಲಿಲ್ಲ.

ಅವಳು ಹೊಸ ಬಟ್ಟೆ ಕೊಂಡದ್ದನ್ನು ನಾನು ಕಂಡಿಲ್ಲ. ನೆರೆಹೊರೆಯವರು ಎಸೆಯಲು ತೆಗೆದಿಟ್ಟದ್ದೆಲ್ಲ ಅವಳ ಮನೆ ಸೇರುತ್ತಿತ್ತು. ಕಿಟಕಿಯ ಪರದೆ ರಾಜನ ಮೇಲುಹೊದಿಕೆಯಾಗುತ್ತಿತ್ತು. ಹರಿದ ಕೊಡೆಯ ಬಟ್ಟೆ ದೆವ್ವದ ರೆಕ್ಕೆ, ಒಡೆದ ದಿಂಬಿನ ಹತ್ತಿ ಋಷಿಯ ಗಡ್ಡ, ಬ್ಯಾಂಡಿನವರ ಹಳೇ ಕೋಟು ಸೇನಾಪತಿ. ತೀರಿಹೋದ ಅಮ್ಮನ ಹೊಲಿಗೆ ಯಂತ್ರದ ಮುಂದೆ ಕೂತರೆ ಪೆಡಲಿನ ಸದ್ದಿನಲ್ಲಿ ಅವಳಿಗೂ ಜೋಂಪು, ಕೇಳುವವರಿಗೂ ಜೋಂಪು. ಮಧ್ಯಾಹ್ನದ ಹೊತ್ತು ಆ ಅಂಗಡಿಯಲ್ಲಿ ಕೂತರೆ ನೇತುಬಿದ್ದ ರಾಜರಾಣಿಯರೆಲ್ಲ ಮೆಲ್ಲಗೆ ಉಸಿರಾಡುತ್ತಿದ್ದಾರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಉಡುಪು ಯಾವುದೇ ಇರಲಿ, ಕೊನೆಯ ಕೆಲಸ ಮಾತ್ರ ಒಂದೇ. ಕಾಲರಿನ ಒಳಗೆ, ಕುತ್ತಿಗೆಗೆ ತಾಗುವ ಜಾಗದಲ್ಲಿ, ಕೆಂಪು ದಾರದಲ್ಲಿ ಉಗುರಿನಷ್ಟು ದೊಡ್ಡ ಒಂದು ಆನೆ. ಅದನ್ನವಳು ಯಂತ್ರದಲ್ಲಿ ಹೊಲಿಯುತ್ತಿರಲಿಲ್ಲ, ಕೈಯಲ್ಲೇ ಹೊಲಿಯುತ್ತಿದ್ದಳು, ಅದೂ ಕಣ್ಣು ಮುಚ್ಚಿಕೊಂಡು. ಸೊಂಡಿಲು ಮುಗಿಯುವಷ್ಟರಲ್ಲಿ ಅವಳ ಗಲ್ಲ ಎದೆಗೆ ತಾಗಿರುತ್ತಿತ್ತು. ಬೆರಳು ಮಾತ್ರ ಬಾಲ ಮುಗಿಸಿ, ಗಂಟು ಹಾಕಿ, ದಾರ ಕತ್ತರಿಸಿ ಸುಮ್ಮನಾಗುತ್ತಿತ್ತು.

ಆನೆ ಎಂದರೆ ಅವಳ ಅಣ್ಣ. ಬೀದಿಯವರು ಅವನಿಗಿಟ್ಟ ಹೆಸರೇ ಅದು. ಲಾರಿಗೆ ಮೂಟೆ ತುಂಬುವ ಕೆಲಸದಲ್ಲಿದ್ದ ಕಾಲದಲ್ಲಿ ಅವನು ಯಾರದಾದರೂ ಬಾಗಿಲಲ್ಲಿ ನಿಂತರೆ ಆ ಮನೆಗೆ ಬೇರೆ ಕದ ಬೇಕಿರಲಿಲ್ಲ. ಅಕ್ಕ ಅಂಗಡಿ ಶುರು ಮಾಡಿದ ಹೊಸದರಲ್ಲಿ ನಾಟಕದ ಹುಡುಗರು ಉಡುಪು ಒಯ್ದವರು ವಾಪಸ್ ತರುತ್ತಿರಲಿಲ್ಲ. ಒಬ್ಬನಂತೂ ಮಂತ್ರಿಯ ಕೋಟು ಹಾಕಿಕೊಂಡೇ ಮದುವೆಯಾಗಿದ್ದ. ಆಗ ಅಣ್ಣ ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತ. ಏನೂ ಮಾತಾಡದೆ ನಿಂತ. ಉಡುಪುಗಳೆಲ್ಲ ವಾಪಸ್ ಬಂದವು.

"ಇನ್ಮೇಲೆ ಎಲ್ಲದಕ್ಕೂ ಒಂದು ಆನೆ ಹೊಲ್ದಿಡು ಪುಟ್ಟಿ. ಯಾರ ತಂಗಿ ಅಂತ ಗೊತ್ತಾಗ್ಲಿ" ಎಂದಿದ್ದನಂತೆ. ಹೊಲಿದಳು. ಕಳ್ಳತನ ನಿಂತಿತು. ಹೊಲಿಯುವುದು ನಿಲ್ಲಲಿಲ್ಲ.

ಅಪ್ಪ ಅಮ್ಮ ಬೇಗ ಹೋಗಿದ್ದರು, ಅಣ್ಣನೇ ಸಾಕಿದ್ದ. ಹಾಗಾಗಿ ಆ ಮನೆಯಲ್ಲಿ ಎಲ್ಲವೂ ಅಣ್ಣನದು. ಅವಳೇ ದುಡಿದು ತಂದ ಕೊಡೆ ನೋಡಿ ಯಾರದು ಎಂದು ಕೇಳಿದರೂ "ಅಣ್ಣಂದು" ಅನ್ನುವಳು. ಅದು ಹೆದರಿಕೆಯಲ್ಲ, ನಾಚಿಕೆಯೂ ಅಲ್ಲ. ಸೀನಿದವರಿಗೆ ನೂರು ವರ್ಷ ಬದುಕು ಅನ್ನುವುದಿಲ್ಲವೇ, ಹಾಗೆ ಬಾಯಿಗೆ ಬಂದುಬಿಡುತ್ತಿತ್ತು. ನಾನು ಎಷ್ಟೋ ಸಲ ರೇಗಿದ್ದೇನೆ. "ಅಲ್ಲ ಅಕ್ಕಾ, ನಿನ್ನ ಹೆಸರಲ್ಲಿ ಈ ಲೋಕದಲ್ಲಿ ಏನಾದ್ರೂ ಇದೆಯಾ?" ಎಂದರೆ, "ನಿದ್ದೆ ಇದೆಯಲ್ಲ" ಎಂದು ನಗುತ್ತಿದ್ದಳು.

ಮೂಟೆ ಹೊತ್ತ ಬೆನ್ನು ಒಂದು ದಿನ ಕುರ್ಚಿಗೆ ಒರಗಿತು. ಅಣ್ಣ ಇಬ್ಬರು ಪಾಲುದಾರರ ಜೊತೆ ಸೇರಿ ಠೇವಣಿ ಕಂಪನಿ ತೆರೆದ. ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಕಚೇರಿ, ಒಳಗೆ ತಣ್ಣನೆ ಗಾಳಿ, ಬ್ಯಾಂಕಿಗಿಂತ ದುಪ್ಪಟ್ಟು ಬಡ್ಡಿಯ ಮಾತು. ಆನೆ ನಡೆದದ್ದೇ ದಾರಿ ಎಂದು ಬೀದಿಯ ಅರ್ಧ ಜನ ಹಿಂದೆ ನಡೆದರು. ಒಂದು ಬೆಳಿಗ್ಗೆ ಪಾಲುದಾರರಿಬ್ಬರೂ ಊರಲ್ಲಿರಲಿಲ್ಲ, ಜನರ ದುಡ್ಡೂ ಇರಲಿಲ್ಲ. ಓಡಿಹೋಗಲು ಗೊತ್ತಿಲ್ಲದ ಅಣ್ಣ ಮಾತ್ರ ಗಾಜಿನ ಬಾಗಿಲ ಹಿಂದೆ ಕೂತಿದ್ದ. ಪೊಲೀಸರು ಕರೆದೊಯ್ದರು. ಅವನೇ ತಿಂದನೋ, ತಿನ್ನುವವರಿಗೆ ಬಾಗಿಲು ಕಾದನೋ ನನಗೆ ಇವತ್ತಿಗೂ ತಿಳಿಯದು. ಕೋರ್ಟು ಅದನ್ನಿನ್ನೂ ವಿಚಾರಿಸುತ್ತಲೇ ಇದೆ.

ಅದಾಗಿ ಕೆಲವು ದಿನಕ್ಕೆ, ಮಧ್ಯಾಹ್ನದ ಜೋಂಪಿನ ಹೊತ್ತಿನಲ್ಲಿ, ಅಂಗಡಿಗೆ ಅಧಿಕಾರಿಗಳು ಬಂದರು. ಆರೋಪಿಯ ಸ್ವತ್ತು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಜಪ್ತಿ ಮಾಡುವ ಆದೇಶವಂತೆ. ದೊಡ್ಡ ಅಧಿಕಾರಿ ಸಭ್ಯ ಮನುಷ್ಯ, ಆದರೆ ಹಳೇ ಬಟ್ಟೆಯ ಧೂಳಿಗೆ ಸೀನಿ ಸೀನಿ ಸುಸ್ತಾಗಿದ್ದರು. ಸಹಾಯಕ ಒಂದೊಂದೇ ವಸ್ತು ಎತ್ತಿ ಹೇಳುತ್ತಿದ್ದ, ಇವರು ಮಹಜರಿನಲ್ಲಿ ಬರೆದುಕೊಳ್ಳುತ್ತಿದ್ದರು.

"ಕಿರೀಟ ಸಾರ್. ಬಂಗಾರದ್ದು ಇರಬಹುದು."

"ರಟ್ಟು" ಎಂದೆ ನಾನು.

"ಬಂಗಾರದ್ದು ಇರಬಹುದು ಅಂತ್ಲೇ ಬರ್ಕೊಳ್ಳಿ ಸಾರ್, ಆಮೇಲೆ ತೊಂದ್ರೆ ಬೇಡ. ಕತ್ತಿ. ಕತ್ತಿ. ಇನ್ನೊಂದು ಕತ್ತಿ. ರೆಕ್ಕೆ ಒಂದು ಜೊತೆ. ಸಾರ್, ರೆಕ್ಕೆ ಚರ ಸ್ವತ್ತಾ ಸ್ಥಿರ ಸ್ವತ್ತಾ?"

ಅಕ್ಕ ಯಂತ್ರದ ಮುಂದೆ ಅರೆಗಣ್ಣಿನಲ್ಲಿ ಕೂತಿದ್ದಳು. ನಡೆಯುತ್ತಿರುವುದು ನಿಜವೋ ನಾಟಕದ ಅಭ್ಯಾಸವೋ ಎಂಬ ಗುಮಾನಿ ಅವಳ ಮುಖದಲ್ಲಿತ್ತು. ಅಧಿಕಾರಿ ಕರವಸ್ತ್ರದಿಂದ ಮೂಗೊರೆಸಿಕೊಂಡು ಕೇಳಿದರು. "ಇದೆಲ್ಲ ಯಾರ್ದಮ್ಮ?"

ನಾನು ಹಿಂದಿನಿಂದ ಕೆಮ್ಮಿದೆ. ಜೋರಾಗಿಯೇ ಕೆಮ್ಮಿದೆ. ಅಷ್ಟರೊಳಗೇ ಉತ್ತರ ಬಂದಾಗಿತ್ತು.

"ಅಣ್ಣಂದು ಸಾರ್."

ಅವರು ಬರೆದುಕೊಂಡರು. ಸಹಾಯಕ ಒಂದು ನಿಲುವಂಗಿಯ ಕಾಲರು ಮಡಚಿ ನೋಡಿದ. ಆನೆ. ಇನ್ನೊಂದು. ಅಲ್ಲೂ ಆನೆ. ಆರೋಪಿಯ ಅಡ್ಡಹೆಸರು ಅವರ ಕಾಗದದಲ್ಲೇ ಇತ್ತು. ಹುಡುಕುವ ಶ್ರಮ ತಪ್ಪಿತೆಂಬ ಸಮಾಧಾನದಿಂದ ಅಧಿಕಾರಿ ಕಾಗದ ಮುಂದಿಟ್ಟರು, ಅಕ್ಕ ಸಹಿ ಹಾಕಿದಳು. ನನ್ನ ಬಣ್ಣದ ಪೆಟ್ಟಿಗೆಯೂ ಒಳಗೇ ಉಳಿಯುತ್ತದೆ ಎಂದಾಗ ನಾನು ಬೀದಿಗೆ ಕೇಳುವಂತೆ ಕೂಗಿದೆ. "ಅದು ನಂದು! ನನ್ನದು ಸ್ವಾಮಿ!"

"ಅರ್ಜಿ ಹಾಕ್ಕೊಳ್ಳಿ" ಎಂದರು. ಹಾಕಿಕೊಂಡೆ. ಎರಡು ಸಲ ಅಲೆದಾಡಿದ ಮೇಲೆ ಪೆಟ್ಟಿಗೆ ಕೈಗೆ ಬಂತು. ನನ್ನದು ಎಂದು ಹೇಳಲು ನನಗೆ ನಾಲಿಗೆ ತಡವರಿಸಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಂಗಡಿಯ ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. ಗಾಜಿನ ಕಿಟಕಿಗೆ ಯಾರೂ ಏನೂ ಮಾಡಲಿಲ್ಲ. ಅದರ ಹಿಂದೆ ಹಸಿರು ಉಡುಪಿನ ರಾಣಿಯ ಬೊಂಬೆ ಮೊದಲಿನಂತೆಯೇ ಬೀದಿ ನೋಡುತ್ತ ನಿಂತಿತ್ತು. ಅಕ್ಕ ಅದೇ ಕಟ್ಟಡದ ಮಹಡಿಯ ಕೋಣೆಯಲ್ಲಿದ್ದವಳು. ಹಗಲೆಲ್ಲ ಕೆಳಗಿಳಿದು ಬಂದು ಎದುರಿನ ಮೆಟ್ಟಿಲ ಮೇಲೆ ಕೂತು ಪರರ ಬಟ್ಟೆಗೆ ಕೈಹೊಲಿಗೆಯಲ್ಲಿ ಅಂಚು ಮಡಚುತ್ತಿದ್ದಳು. ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಬಿಸಿಲು ಕಿಟಕಿಯಿಂದ ಒಳಗಿಳಿದು ಮೊದಲು ರಾಣಿಯ ತೋಳು, ಆಮೇಲೆ ಸೇನಾಪತಿಯ ಗುಂಡಿ, ಆಮೇಲೆ ಹಿಂದಿನ ಗೋಡೆಯ ರೆಕ್ಕೆಗಳನ್ನು ಮುಟ್ಟಿ ಹೊರಟುಹೋಗುತ್ತಿತ್ತು. ಮುಟ್ಟಬಾರದು ಎಂಬ ಆದೇಶ ಬಿಸಿಲಿಗೆ ತಲುಪಿರಲಿಲ್ಲ. ನೋಡುತ್ತ ನೋಡುತ್ತ ನನಗೂ ಅಕ್ಕನ ರೋಗ ಅಂಟಿತು. ಒಂದು ಮಧ್ಯಾಹ್ನ ಕೂತಲ್ಲೇ ಕನಸು ಬಿತ್ತು. ಕಾಲರುಗಳಿಂದ ಕೆಂಪು ಆನೆಗಳೆಲ್ಲ ಇಳಿದು, ಬಾಗಿಲ ಸಂದಿಯಿಂದ ಒಂದರ ಹಿಂದೊಂದು ಹೊರಬಂದು, ಚರಂಡಿ ದಾಟಿ, ಅಕ್ಕನ ಮಡಿಲಿಗೆ ಹತ್ತುತ್ತಿದ್ದವು. ಅವಳು ಅಂಚು ಮಡಚುವುದನ್ನು ಬಿಟ್ಟು ಅವಕ್ಕೆ ಜಾಗ ಮಾಡಿಕೊಡುತ್ತಿದ್ದಳು.

"ಬಣ್ಣಪ್ಪ, ಅಲ್ಲಿ ನೋಡು" ಎಂದು ಅಕ್ಕನೇ ಎಬ್ಬಿಸಿದಳು. ರಾಣಿಯ ತೋಳಿನಲ್ಲಿ ಕಡಲೆಕಾಳಿನಷ್ಟು ತೂತು. ನುಸಿ ಬಿದ್ದಿತ್ತು. ಆ ಉಡುಪುಗಳಿಗೆ ವಾರವಾರ ಗಾಳಿ ಬೇಕು, ಬಿಸಿಲು ಬೇಕು, ಕೊಡವಬೇಕು. ಕ್ರಿಮಿನಲ್ ಕೇಸು ಮುಗಿಯುವುದೆಂದರೆ ವರ್ಷಗಟ್ಟಲೆ. ಅಷ್ಟರಲ್ಲಿ ಸರ್ಕಾರದ ಕೈಗೆ ಸಿಗುವುದು ಗುಂಡಿಗಳು ಮಾತ್ರ. ಅಕ್ಕ ಗಾಜಿನ ಮೇಲೆ ಬೆರಳಿಟ್ಟು ಆ ತೂತನ್ನು ಹೊರಗಿನಿಂದಲೇ ಮುಚ್ಚಲು ನೋಡಿದಳು. ಅವತ್ತು ನನಗೆ ನಿಜವಾಗಿ ಸಂಕಟವಾಯಿತು. ಮರುದಿನವೇ ಅವಳನ್ನು ಒಬ್ಬ ವಕೀಲಮ್ಮನ ಹತ್ತಿರ ಕರೆದೊಯ್ದೆ.

ವಕೀಲಮ್ಮನ ಕಚೇರಿ ಟೈರ್ ಅಂಗಡಿಯ ಮೇಲೆ. ಕೆಳಗೆ ಟೈರಿಗೆ ಗಾಳಿ ತುಂಬುವಾಗೆಲ್ಲ ಮೇಲಿನ ಕಡತಗಳು ನಡುಗುತ್ತಿದ್ದವು. ವಯಸ್ಸಿನಲ್ಲಿ ಅಕ್ಕನಿಗಿಂತ ಚಿಕ್ಕವರು. ಪೆನ್ಸಿಲ್ ಕಚ್ಚುತ್ತ ಎಲ್ಲ ಕೇಳಿಸಿಕೊಂಡರು, ಮಹಜರಿನ ಪ್ರತಿ ಓದಿದರು, ರೆಕ್ಕೆಯ ಸಾಲಿಗೆ ಬಂದಾಗ ನಕ್ಕರು, ಅಕ್ಕನ ಹೇಳಿಕೆಗೆ ಬಂದಾಗ ನಗು ನಿಂತಿತು.

"ನೋಡಿ ಅಕ್ಕ, ಈಗ ಆಗಿರೋದು ಜಪ್ತಿ. ಯಾರೂ ಮುಟ್ಟೋ ಹಾಗಿಲ್ಲ, ಮಾರೋ ಹಾಗಿಲ್ಲ, ಅಷ್ಟೇ. ನಿಮ್ಮಣ್ಣಂದು ತಪ್ಪು ಅಂತ ಸಾಬೀತಾದ್ರೆ ಆಮೇಲೆ ಮುಟ್ಟುಗೋಲು. ಹರಾಜು ಹಾಕಿ, ದುಡ್ಡು ಕಳ್ಕೊಂಡೋರಿಗೆ ಹಂಚ್ತಾರೆ. ಅದು ನ್ಯಾಯಾನೇ. ಆದ್ರೆ ಅಣ್ಣನ ತಪ್ಪಿಗೆ ತಂಗಿ ಸ್ವತ್ತು ಹೋಗ್ಬಾರ್ದು, ಕಾನೂನೂ ಹಾಗೆ ಹೇಳಲ್ಲ. ನೀವು ಕೋರ್ಟಲ್ಲಿ ಎರಡು ಮಾತು ಹೇಳ್ಬೇಕು. ಇದು ನಂದು. ನನಗೆ ಹೀಗೆ ಬಂತು."

"ಎರಡನೇದು ಹೇಳ್ತೀನಿ" ಎಂದಳು ಅಕ್ಕ.

"ಮೊದಲನೇದು?"

ಅಕ್ಕನ ಕಣ್ಣು ಮುಚ್ಚಿತು. ನಿದ್ದೆ ಬಂತೋ ತಂದುಕೊಂಡಳೋ, ಹೇಳುವುದು ಕಷ್ಟ.

ಮನೆಯಲ್ಲಿ ನಾನು ಅಭ್ಯಾಸ ಮಾಡಿಸಿದೆ. ನಾಟಕದವರಿಗೆ ಮಾತು ಕಲಿಸಿದ ಅನುಭವ ನನ್ನದು, ಇದೇನು ಮಹಾ ಎಂದುಕೊಂಡಿದ್ದೆ. "ಈ ಮೂಗು ಯಾರ್ದು?" ಎಂದು ನನ್ನ ಮೂಗು ತೋರಿಸಿದರೆ "ನಿಂದು" ಎಂದಳು ಥಟ್ಟನೆ. "ಆ ಸೈಕಲ್ಲು?" "ಅಂಚೆಯವಂದು." "ಈ ಸೂಜಿ?" ಬಾಯಿ ತೆರೆದಳು, ಅ ಎಂಬಲ್ಲಿಗೆ ನಿಂತಳು.

"ಏನಕ್ಕಾ ಇದು, ನಂದು ಅನ್ನೋಕೆ ನಾಲಿಗೆ ಸವೆಯುತ್ತಾ?"

ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ಪಾಲುದಾರರು ಬಿಟ್ಟುಹೋದ್ರು. ಸ್ನೇಹಿತರು ಬಿಟ್ರು. ಈಗ ಎಲ್ಲರ ಎದುರಿಗೆ ನಾನು ಇದು ಅವನದಲ್ಲ, ನಂದು ಅಂದ್ರೆ, ಅವನ ಕೈ ನಾನೂ ಬಿಟ್ಟ ಹಾಗಾಗಲ್ವಾ ಬಣ್ಣಪ್ಪ? ಅವನು ಅಲ್ಲೇ ನಿಂತಿರ್ತಾನೆ. ಕೇಳಿಸ್ಕೊತಾನೆ."

ಅಭ್ಯಾಸವನ್ನು ನಾನು ಅಲ್ಲಿಗೇ ನಿಲ್ಲಿಸಿದೆ.

ಎರಡನೇ ಮಾತಿಗೆ ಸಾಕ್ಷಿ ಬೇಕಿತ್ತು, ಬಟ್ಟೆ ಎಲ್ಲಿಂದ ಬಂತು ಎನ್ನುವುದಕ್ಕೆ. ಪಕ್ಕದ ಓಣಿಯ ನಿವೃತ್ತ ಟೀಚರಮ್ಮನ ಮನೆಗೆ ಹೋದೆವು. ಹೋಗಲು ಅಕ್ಕನಿಗೆ ಕಾಲೇ ಬರುತ್ತಿರಲಿಲ್ಲ, ಏಕೆಂದರೆ ಟೀಚರಮ್ಮ ಉಳಿತಾಯವನ್ನೆಲ್ಲ ಅಣ್ಣನ ಕಂಪನಿಯಲ್ಲಿಟ್ಟು ಕಳೆದುಕೊಂಡಿದ್ದರು. ಅವರ ಕಿಟಕಿಗೆ ಈಗ ಪರದೆ ಇರಲಿಲ್ಲ. ಇದ್ದ ನೇರಳೆ ಪರದೆ ಯಾವತ್ತೋ ಅಕ್ಕನ ಅಂಗಡಿ ಸೇರಿ ಚಕ್ರವರ್ತಿಯಾಗಿತ್ತು. ಅಕ್ಕ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಳು.

"ಅಂಗಡಿ ಬಿಟ್ಟುಕೊಟ್ರೆ ನಿಮಗೇನಾದ್ರೂ ಸಿಗ್ಬಹುದು ಟೀಚರಮ್ಮ. ಬೇಡ ಅಂದ್ರೆ ನಾನು ವಾಪಸ್ ಹೋಗ್ತೀನಿ" ಎಂದಳು.

ಟೀಚರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಊರಿಗೆಲ್ಲ ಆಗಿರೋ ನಷ್ಟಕ್ಕೆ ನಿನ್ನ ರಟ್ಟಿನ ಕಿರೀಟ ಮಾರ್ತಾರಂತಾ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ನಿನ್ನಣ್ಣನ ಮೇಲಿನ ಸಿಟ್ಟು ನನಗೆ ಸಾಯೋವರೆಗೂ ಹೋಗಲ್ಲ. ಅದು ಅವನ ಪಾಲಿಂದು, ನಿನಗೆ ಕೊಡಲ್ಲ. ಒಳಗೆ ಬಾ, ನಿಂತ್ಕೊಂಡೇ ನಿದ್ದೆ ಮಾಡ್ಬಿಟ್ಟೀಯ."

ವಕೀಲಮ್ಮನ ಕಚೇರಿಗೆ ಆಮೇಲೆ ಎಷ್ಟೋ ಸಲ ಹೋಗಬೇಕಾಯಿತು. ಅರ್ಜಿ, ಪ್ರಮಾಣಪತ್ರ, ವಾಯಿದೆ, ಮತ್ತೆ ವಾಯಿದೆ. ಕಾಯುವ ಬೆಂಚಿನ ಮೇಲೆ ಅಕ್ಕ ಸುಮ್ಮನೆ ಕೂರುವವಳಲ್ಲ. ಒಂದು ದಿನ ಕುರ್ಚಿಗೆ ನೇತುಹಾಕಿದ್ದ ವಕೀಲಮ್ಮನ ಕಪ್ಪು ಕೋಟಿನ ಕಾಲರು ಹರಿದು ಜೋತಾಡುತ್ತಿತ್ತು. ಕೇಳದೆಯೇ ಮಡಿಲಿಗೆಳೆದುಕೊಂಡು ಸೂಜಿ ತೆಗೆದಳು. ಕೆಳಗೆ ಟೈರಿಗೆ ಗಾಳಿ ತುಂಬುತ್ತಿತ್ತು, ಅಕ್ಕನ ತಲೆ ತೂಗುತ್ತಿತ್ತು. ನಾನೂ ಗೋಡೆಗೊರಗಿ ಕಣ್ಣು ಮುಚ್ಚಿದೆ. ಎದ್ದಾಗ ಕೋಟು ಹೊಸದರಂತೆ ಕುರ್ಚಿಯ ಮೇಲಿತ್ತು. ವಕೀಲಮ್ಮ ಅದನ್ನು ತೊಡುವಾಗ ಒಂದು ಕ್ಷಣ ಕೈ ತಡೆದು ಕಾಲರಿನೊಳಗೆ ನೋಡಿದರು. ಬಾಯಲ್ಲಿದ್ದ ಪೆನ್ಸಿಲ್ ಆವತ್ತು ಎರಡು ತುಂಡಾಯಿತು.

ವಿಚಾರಣೆಯ ದಿನ ಕೋರ್ಟಿನ ಹಾಲಿನಲ್ಲಿ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಮೇಜಿನ ಮೇಲೆ ಸಾಕ್ಷ್ಯವೆಂದು ತಂದಿಟ್ಟ ನೇರಳೆ ಚಕ್ರವರ್ತಿಯ ಹೊದಿಕೆ ಅರ್ಧ ಮಡಚಿ ಬಿದ್ದಿತ್ತು. ಫ್ಯಾನಿನ ಗಾಳಿಗೆ ಅದರ ಅಂಚು ಏಳುತ್ತಿತ್ತು, ಬೀಳುತ್ತಿತ್ತು. ಇಷ್ಟು ದಿನ ಮುಚ್ಚಿದ ಕೋಣೆಯಲ್ಲಿದ್ದ ಅದು ಗಾಳಿ ಕುಡಿಯುತ್ತಿದೆ ಎಂದುಕೊಂಡೆ. ನ್ಯಾಯಾಧೀಶರು ಅದನ್ನೇ ನೋಡುತ್ತಿದ್ದರು. ಕಾಲೇಜಿನ ದಿನಗಳಲ್ಲಿ ಅವರೂ ಮಂತ್ರಿಯ ಪಾತ್ರ ಮಾಡಿದ್ದಿರಬೇಕು, ಕಣ್ಣು ಹಾಗೇ ಹೇಳುತ್ತಿತ್ತು. ಅಣ್ಣನನ್ನೂ ಕರೆತಂದಿದ್ದರು. ಇಬ್ಬರು ಪೊಲೀಸರ ನಡುವೆ ನಿಂತಿದ್ದ. ಸೊರಗಿದ್ದ. ಅವನನ್ನು ಆನೆ ಎನ್ನಲು ಈಗ ಸ್ವಲ್ಪ ಧೈರ್ಯ ಬೇಕಿತ್ತು.

ಟೀಚರಮ್ಮ ಕಟಕಟೆ ಹತ್ತಿ ಹೊದಿಕೆಯ ಒಂದು ಮೂಲೆ ಹಿಡಿದು ತೋರಿಸಿದರು. "ಇದು ನಮ್ಮನೆ ಪರದೆ. ಈ ಶಾಯಿ ಕಲೆ ನನ್ನ ಮಗಳು ಮಾಡಿದ್ದು. ಕೈಯಾರೆ ಇವಳಿಗೆ ಕೊಟ್ಟೆ, ಆಗ ಆ ಕಂಪನಿ ಇನ್ನೂ ಹುಟ್ಟಿರಲಿಲ್ಲ."

"ಆರೋಪಿಯಿಂದ ನಿಮಗೂ ಮೋಸ ಆಗಿದೆ. ಆದರೂ ಅವರ ಮನೆಯವರ ಪರವಾಗಿ ಸಾಕ್ಷಿ?" ಎಂದರು ಸರ್ಕಾರಿ ವಕೀಲರು.

"ನನಗಾದ ಮೋಸಕ್ಕೆ ನನ್ನ ಪರದೆನೇ ಹರಾಜು ಹಾಕಿ ನನಗೇ ದುಡ್ಡು ಕೊಡ್ತೀರಾ? ಚೆನ್ನಾಗಿದೆ ಲೆಕ್ಕ!"

ಸರ್ಕಾರಿ ವಕೀಲರು ಹಟ ಬಿಡಲಿಲ್ಲ. ಮಹಜರು ಓದಿದರು: ಇದೆಲ್ಲ ಅಣ್ಣಂದು, ಕೆಳಗೆ ಸಹಿ. ಹೊದಿಕೆಯ ಕಾಲರು ಮಡಚಿ ಕೆಂಪು ಆನೆಯನ್ನು ನ್ಯಾಯಾಧೀಶರಿಗೆ ತೋರಿಸಿದರು. ಅಂಗಡಿಯ ಪ್ರತಿಯೊಂದು ಉಡುಪಿನಲ್ಲೂ ಆರೋಪಿಯ ಗುರುತಿದೆ, ತಂಗಿ ಹೆಸರಿಗೆ ಮಾತ್ರ, ನಿಜವಾದ ಒಡೆಯ ಅಲ್ಲಿ ನಿಂತಿದ್ದಾನೆ ಎಂದರು. ಮಾತು ಗಟ್ಟಿಯಾಗಿತ್ತು. ನನಗೇ ಒಂದು ಕ್ಷಣ ಹೌದೇನೋ ಅನ್ನಿಸಿತು.

ವಕೀಲಮ್ಮ ಎದ್ದು ನಿಂತು ತಮ್ಮ ಕಪ್ಪು ಕೋಟು ಬಿಚ್ಚಿದರು. ಕಾಲರು ಹೊರಗೆ ಮಡಚಿ ಅದನ್ನು ಚಕ್ರವರ್ತಿಯ ಪಕ್ಕಕ್ಕಿಟ್ಟರು. ಕಪ್ಪಿನ ಮೇಲೆ ಕೆಂಪು ಆನೆ, ಸೊಂಡಿಲು ಎತ್ತಿಕೊಂಡು.

"ಸ್ವಾಮಿ, ಈ ಗುರುತು ಒಡೆತನಕ್ಕೆ ಸಾಕ್ಷಿ ಆಗೋದಾದ್ರೆ ನನ್ನ ಕೋಟೂ ಆರೋಪಿದೇ. ದಯವಿಟ್ಟು ಇದನ್ನೂ ಜಪ್ತಿ ಮಾಡ್ಬೇಕು."

ಕೋರ್ಟಿನಲ್ಲಿ ನಗೆ ಎದ್ದಿತು. ಸರ್ಕಾರಿ ವಕೀಲರು ಕೆಂಪಾದರು. "ಇದು ಕೇಸಿಗೋಸ್ಕರ ಬೇಕಂತಲೇ ಹೊಲಿಸಿರೋದು!"

ನ್ಯಾಯಾಧೀಶರು ಅಕ್ಕನನ್ನು ಕಟಕಟೆಗೆ ಕರೆದು ಕೋಟು ತೋರಿಸಿದರು. ಅಕ್ಕ ಬಗ್ಗಿ ನೋಡಿದಳು. ಕಿವಿಯವರೆಗೂ ನಾಚಿದಳು. "ಅಯ್ಯೋ ವಕೀಲಮ್ಮ, ನಿಮ್ಮದಕ್ಕೂ ಹೊಲಿದ್ಬಿಟ್ನಾ? ಕೊಡಿ, ಬಿಚ್ಚಿಕೊಡ್ತೀನಿ" ಎಂದು ಅಲ್ಲೇ ಸೂಜಿ ಹುಡುಕಿದಳು. ಇಂಥ ಮುಖವನ್ನು ಬಣ್ಣ ಹಚ್ಚಿ ತಯಾರು ಮಾಡಲಾಗುವುದಿಲ್ಲ. ನನ್ನ ಕೆಲಸವೇ ಅದು, ನನಗೆ ಗೊತ್ತು.

"ಸ್ವಾಮಿ, ಇದು ಅಣ್ಣನ ಗುರುತಲ್ಲ" ಎಂದರು ವಕೀಲಮ್ಮ. "ಇವರ ಕೈ ಗುರುತು. ಇವರು ಹೊಲಿದದ್ದೆಲ್ಲ ಆನೆ ಹೊತ್ತಿದೆ. ಹೊಲಿದದ್ದು ಯಾರು ಅನ್ನೋದನ್ನಷ್ಟೇ ಅದು ಹೇಳುತ್ತೆ."

ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟರು. "ಅಮ್ಮ, ಕಾಗದದಲ್ಲಿ ನಿಮ್ಮ ಮಾತೇ ಬೇರೆ ಇದೆ. ಅದಕ್ಕೆ ಈಗ ನಾನೇ ಕೇಳ್ತೀನಿ. ಅಂಗಡಿ ಯಾರದು?"

ಅಕ್ಕನ ರೆಪ್ಪೆ ಇಳಿಯತೊಡಗಿತು. ಬೇಡ ಅಕ್ಕಾ, ಈಗ ಬೇಡ ಎಂದು ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಷ್ಟರಲ್ಲಿ ಪೊಲೀಸರ ನಡುವಿನಿಂದ ದಪ್ಪ ದನಿ ಬಂತು. "ಅವಳದೇ ಸ್ವಾಮಿ. ನಾನು ಹೇಳ್ತೀನಿ ಕೇಳಿ, ಅವಳಿಗೆ ಮಾತಾಡೋಕೆ ಬರಲ್ಲ, ಎಲ್ಲ ನಾನೇ..."

ಪಾಪ, ಸಹಾಯಕ್ಕೆಂದೇ ಬಾಯಿ ಹಾಕಿದ್ದ. ಎಲ್ಲ ಬಾಗಿಲಲ್ಲೂ ಅವಳ ಪರವಾಗಿ ನಿಂತವನು ಅವನೇ ತಾನೆ. ಆದರೆ ಅವನು ಕೊಟ್ಟರೆ ಅದು ಮತ್ತೆ ಅವನದೇ ಆಗುತ್ತಿತ್ತು. ಸರ್ಕಾರಿ ವಕೀಲರು ಆಗಲೇ ಎದ್ದು ನಿಂತಿದ್ದರು. ಅಕ್ಕ ಕಣ್ಣು ಬಿಟ್ಟಳು. ಅಷ್ಟು ಅಗಲವಾದ ಅವಳ ಕಣ್ಣನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಅಣ್ಣ, ನೀನು ಸುಮ್ನಿರು."

ಅವಳಿಗೇ ತನ್ನ ದನಿ ಕೇಳಿ ಬೆಚ್ಚಿದಂತಾಯಿತು, ಆದರೆ ನಿಲ್ಲಿಸಲಿಲ್ಲ.

"ನಂದು ಸ್ವಾಮಿ. ಬಟ್ಟೆ ಬೀದಿಯವರು ಕೊಟ್ಟಿದ್ದು, ಯಂತ್ರ ನಮ್ಮಮ್ಮಂದು, ಹೊಲಿದದ್ದು ನಾನು. ಅಣ್ಣ ನನ್ನ ಸಾಕಿದಾನೆ, ಅದು ಸುಳ್ಳಲ್ಲ. ಅಂಗಡಿ ನಂದು." ಆಮೇಲೆ ಅವನ ಕಡೆಗೇ ತಿರುಗಿ, ಬೇರೆ ಯಾರೂ ಇಲ್ಲವೇನೋ ಎಂಬಂತೆ ಹೇಳಿದಳು. "ನೀನು ಮಾಡಿದ್ದಕ್ಕೆ ನೀನೇ ಉತ್ತರ ಹೇಳ್ಬೇಕು ಅಣ್ಣ. ನಾನು ಬರ್ತೀನಿ, ಪ್ರತಿ ಸಲಾನೂ ಬಂದು ಕೂತ್ಕೊತೀನಿ. ಆದ್ರೆ ಇದು ನಂದು."

ಅಣ್ಣ ತಲೆ ತಗ್ಗಿಸಿದ. ಅವನ ಹೆಗಲು ಒಮ್ಮೆ ಅಲುಗಿತು. ಅವಮಾನಕ್ಕೋ ಸಮಾಧಾನಕ್ಕೋ ನಾನು ಹೇಳಲಾರೆ. ನನ್ನ ಕಣ್ಣೂ ಆ ಹೊತ್ತಿಗೆ ನೆಟ್ಟಗಿರಲಿಲ್ಲ.

ಆದೇಶ ಬರಲು ಮತ್ತೊಂದು ವಾಯಿದೆ ಹಿಡಿಯಿತು. ಅಂಗಡಿಯನ್ನು ಜಪ್ತಿಯಿಂದ ಬಿಟ್ಟರು. ಅರಗು ಒಡೆದು ಬಾಗಿಲು ತೆಗೆದಾಗ ಹಳೇ ಬಟ್ಟೆಯ ವಾಸನೆ ಎದುರುಗೊಂಡಿತು, ಮುದ್ರೆ ಒಡೆಯಲು ಬಂದಿದ್ದ ಅದೇ ಅಧಿಕಾರಿ ಮತ್ತೆ ಸೀನಿದರು. ಹಸಿರು ರಾಣಿಯ ತೋಳು ಪೂರಾ ಹೋಗಿತ್ತು. ಇಬ್ಬರು ಸೈನಿಕರೂ ಒಬ್ಬ ಋಷಿಯೂ ನುಸಿಗೆ ಆಹುತಿ. ಉಳಿದವರನ್ನೆಲ್ಲ ಮಹಡಿಯ ಮೇಲೆ ಹಗ್ಗ ಕಟ್ಟಿ ನೇತುಹಾಕಿದೆವು. ಬೀದಿಯಲ್ಲಿ ಹೋಗುವವರು ತಲೆಯೆತ್ತಿ ನೋಡಿದರೆ ರಾಜರೂ ದೆವ್ವಗಳೂ ಒಂದೇ ಹಗ್ಗದಲ್ಲಿ ಬಿಸಿಲು ಕಾಯಿಸುತ್ತಿದ್ದರು. ವಕೀಲಮ್ಮ ತಮ್ಮ ಕೋಟಿನ ಆನೆಯನ್ನು ಬಿಚ್ಚಲು ಕೊಡಲಿಲ್ಲ. ಟೀಚರಮ್ಮನ ಕಿಟಕಿಗೆ ಅಕ್ಕ ತಾನೇ ಹೊಸ ಪರದೆ ಹೊಲಿದುಕೊಟ್ಟಳು. ಅವರು ಅಣ್ಣನನ್ನು ಬೈಯುತ್ತಲೇ ಅದನ್ನು ತೂಗುಹಾಕಿಸಿಕೊಂಡರು.

ಅಣ್ಣನ ಕೇಸಿನ ಮುಂದಿನ ತಾರೀಕು ಹತ್ತಿರ ಬಂದಾಗ ಅಕ್ಕ ಅವನಿಗೆ ಒಂದು ಅಂಗಿ ಹೊಲಿಯಲು ಕೂತಳು. ಹಳೇ ಅಳತೆ ಬೇಡ, ಸೊರಗಿದ್ದಾನೆ ಎಂದು ನಾನು ನೆನಪಿಸಿದೆ. ಗೊತ್ತು ಎಂದಳು. ಮಧ್ಯಾಹ್ನದ ಹೊತ್ತು. ಪೆಡಲಿನ ಸದ್ದಿಗೆ ನನಗೆ ಜೋಂಪು ಹತ್ತಿತ್ತು. ಸದ್ದು ನಿಂತಾಗ ಕಣ್ಣು ಬಿಟ್ಟೆ. ಅಂಗಿ ಮುಗಿದಿತ್ತು. ಅಭ್ಯಾಸಬಲದಿಂದ ಸೂಜಿಗೆ ಕೆಂಪು ದಾರ ಪೋಣಿಸಿದ್ದಳು, ಕಾಲರು ಮಡಚಿಯೂ ಇದ್ದಳು. ಆದರೆ ಕಣ್ಣು ಮುಚ್ಚಿರಲಿಲ್ಲ. ಸ್ವಲ್ಪ ಹೊತ್ತು ಆ ಖಾಲಿ ಜಾಗವನ್ನು ನೋಡಿದಳು. ಆಮೇಲೆ ದಾರವನ್ನು ಸೂಜಿಯಿಂದ ಎಳೆದು ತೆಗೆದು, ಬೆರಳಿಗೆ ಸುತ್ತಿ, ಡಬ್ಬಿಯೊಳಗಿಟ್ಟಳು.

"ಆನೆ ಹೊಲಿಯಲ್ವಾ ಅಕ್ಕಾ?" ಎಂದೆ.

"ಬೇಡ" ಎಂದಳು, ಅಂಗಿಯನ್ನು ನಾಲ್ಕು ಮಡಿಕೆ ಮಡಚುತ್ತ. "ಇದು ಅಣ್ಣಂದು."